ಹಳೇ ಆಟಿಕೆ ರೈಲು ಸೆಟ್ ತಂದಿದ್ದೇನೆ, ಇಂಜಿನ್ ಓಡುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಕಿರುಹಳಿ:
ಮಗಳಿಗೆ ಆರು ವರ್ಷ, ರೈಲು ಅಂದರೆ ಪ್ರಾಣ. ಅವಳಿಗೋಸ್ಕರ ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಸೆಟ್ ಒಂದನ್ನು ತೆಗೆದುಕೊಂಡೆ. ಸ್ಟೀಮ್ ಇಂಜಿನ್, ಅದರ ಟೆಂಡರ್ (ಇಂಜಿನ್ ಹಿಂದೆಯೇ ಇರುವ ಕಲ್ಲಿದ್ದಲು-ನೀರಿನ ಗಾಡಿ), ಕೆಲವು ಬೋಗಿ, ದುಂಡಗೆ ಜೋಡಿಸುವಷ್ಟು ಹಳಿ, ಒಂದು ಹಳೇ ಟ್ರಾನ್ಸ್‌ಫಾರ್ಮರ್. ಹಳಿಗೆಲ್ಲ ಕಿಲುಬು ಹಿಡಿದಿದೆ. ಇಂಜಿನ್ ಇಟ್ಟು ಕರೆಂಟ್ ಕೊಟ್ಟರೆ ಒಮ್ಮೆ ಗುಂಯ್ ಅನ್ನುತ್ತದೆ, ಆಮೇಲೆ ಸುಮ್ನೆ ನಿಲ್ಲುತ್ತದೆ. ಮಾರಿದವರು ಎಚ್‌ಒ ಸ್ಕೇಲ್ (ಮಾದರಿ ರೈಲುಗಳ ಒಂದು ಅಳತೆ) ಅಂದಿದ್ದರು. ಮೋಟರ್ ಬದಲಾಯಿಸಬೇಕಾ? ಬಣ್ಣವೂ ಅಲ್ಲಲ್ಲಿ ಎದ್ದಿದೆ, ಹೊಸದಾಗಿ ಬಳಿಯಲಾ?

ತಂತಿಬೇಲಿ:
ಮೋಟರ್ ಮಾತು ಆಮೇಲೆ, ಮೊದಲು ಆ ಟ್ರಾನ್ಸ್‌ಫಾರ್ಮರ್ ಪ್ಲಗ್ ಕೀಳಿ. ಹಳೇ ವೈರಿನ ಹೊದಿಕೆ ಬಿರುಕು ಬಿಟ್ಟಿರುತ್ತದೆ, ಮಗು ಮುಟ್ಟುವ ಸಾಮಾನಿಗೆ ಅದು ಬೇಡವೇ ಬೇಡ. ಹಳಿಗೆ ಕರೆಂಟ್ ಕೊಟ್ಟು ವೇಗ ಹೆಚ್ಚುಕಡಿಮೆ ಮಾಡುವ ಹೊಸ 12 ವೋಲ್ಟ್ ಡಿಸಿ ಕಂಟ್ರೋಲರ್ ತೆಗೆದುಕೊಳ್ಳಿ. ಆದರೆ ಅದಕ್ಕೂ ಮೊದಲು ಹಳಿ ಅಳೆಯಿರಿ. ಎರಡು ಕಂಬಿಗಳ ನಡುವೆ 16.5 ಮಿಮೀ ಇದ್ದರೆ ಎಚ್‌ಒ ಹಳಿ. ನಡುವೆ ಸಣ್ಣ ಲೋಹದ ಚುಕ್ಕೆಗಳ ಸಾಲು ಇದ್ದರೆ ಮಾತ್ರ ನಿಲ್ಲಿಸಿ, ಅದು ಜರ್ಮನಿಯ ಆಟಿಕೆ ರೈಲು ಕಂಪನಿ ಮಾರ್ಕ್ಲಿನ್ ಥರದ ಎಸಿ ಪದ್ಧತಿ, ಡಿಸಿ ಕಂಟ್ರೋಲರ್ ಅದಕ್ಕಲ್ಲ. ಚುಕ್ಕೆ ಇಲ್ಲ ಅಂದರೆ 9 ವೋಲ್ಟ್ ಬ್ಯಾಟರಿಯಿಂದ ಎರಡು ವೈರ್ ತಂದು ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ತಾಗಿಸಿ. ತಿರುಗಿತಾ, ಮೋಟರ್ ಚೆನ್ನಾಗಿದೆ, ತಪ್ಪು ಹಳಿಯದ್ದು. ಸ್ಟೀಮ್ ಇಂಜಿನ್‌ಗಳಲ್ಲಿ ಎಷ್ಟೋ ಸಲ ಒಂದು ಬದಿಯ ಕರೆಂಟ್ ಇಂಜಿನ್ ಚಕ್ರದಿಂದ, ಇನ್ನೊಂದು ಬದಿಯದ್ದು ಟೆಂಡರ್‌ನಿಂದ ಬರುತ್ತದೆ. ಹಾಗಾಗಿ ಎರಡನ್ನೂ ಜೋಡಿಸಿಯೇ ನೋಡಿ.

ಮೂರನೇಬೋಗಿ:
ಹಳಿಯ ಕಿಲುಬು ತೆಗೆಯಲು ಸ್ಯಾಂಡ್‌ಪೇಪರ್ ಹತ್ತಿರಕ್ಕೂ ತರಬೇಡಿ ಸರ್. ಗೀರು ಬಿದ್ದರೆ ಕೊಳೆ ಅದರಲ್ಲೇ ಕೂತು ಮತ್ತೂ ಜಾಸ್ತಿ ಆಗುತ್ತದೆ. ಸ್ಟೀಲ್ ವುಲ್ (ಉಕ್ಕಿನ ನಾರು) ಇನ್ನೂ ಕೆಟ್ಟದ್ದು, ಅದರ ಸಣ್ಣ ಎಳೆಗಳನ್ನು ಮೋಟರಿನ ಆಯಸ್ಕಾಂತ ಒಳಗೆಳೆದುಕೊಂಡು ಶಾರ್ಟ್ ಮಾಡುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ. ಚಕ್ರಕ್ಕೂ ಅದೇ. ಹಳಿ ತುಂಡುಗಳನ್ನು ಸೇರಿಸುವ ಲೋಹದ ಕ್ಲಿಪ್ ಸಡಿಲವಾಗಿದ್ದರೆ ನೋಸ್ ಪ್ಲೈಯರ್‌ನಲ್ಲಿ ಮೆಲ್ಲಗೆ ಅದುಮಿ, ಅರ್ಧ ತೊಂದರೆ ಅಲ್ಲೇ ಇರುತ್ತದೆ. ಗೇರಿನ ಹಳೇ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿರುತ್ತದೆ, ಅದನ್ನು ತೆಗೆದು ಪ್ಲಾಸ್ಟಿಕ್‌ಗೆ ಆಗುವ ತೆಳು ಎಣ್ಣೆ ಒಂದೇ ಒಂದು ಹನಿ ಬಿಡಿ. ಜಾಸ್ತಿ ಬಿಟ್ಟರೆ ಮೋಟರಿನೊಳಗೆ ಕರೆಂಟ್ ಮುಟ್ಟಿಸುವ ಬ್ರಷ್‌ಗೆ ಇಳಿದು ಇನ್ನೊಂದು ಕೆಲಸ ಆಗುತ್ತದೆ.

ಕಿರುಹಳಿ:
ಟೆಂಡರ್ ಜೋಡಿಸಿ ಬ್ಯಾಟರಿ ಕೊಟ್ಟೆ, ಚಕ್ರ ತಿರುಗಿತು! ಹಾಗಾದರೆ ಹಳಿಯದ್ದೇ ಕೆಲಸ. ನಡುವೆ ಚುಕ್ಕೆ ಏನೂ ಇಲ್ಲ. ಬಣ್ಣದ್ದು ಯಾರೂ ಹೇಳಲಿಲ್ಲ.

ಹಸಿರುನಿಶಾನೆ:
ಮೈ ಪ್ಲಾಸ್ಟಿಕ್ಕಾ, ಲೋಹವಾ? ಲೋಹವಾಗಿದ್ದು ತುಂಬಾ ಹಳೆಯದಾದರೆ ಬಣ್ಣದಲ್ಲಿ ಸೀಸ ಇರಬಹುದು. ಅಮೆರಿಕದಲ್ಲೇ ಮನೆ, ಆಟಿಕೆಗಳ ಸೀಸದ ಬಣ್ಣಕ್ಕೆ ನಿಷೇಧ ಬಂದದ್ದು 1978ರಲ್ಲಿ. ಆದ್ದರಿಂದ ಉಜ್ಜಿ ಪುಡಿ ಎಬ್ಬಿಸಬೇಡಿ. ಸಿಪ್ಪೆ ಏಳುತ್ತಿರುವ ಲೋಹದ ಬೋಗಿಯನ್ನು ಶೋಕೇಸ್‌ನಲ್ಲಿಟ್ಟು ಮಗುವಿಗೆ ಪ್ಲಾಸ್ಟಿಕ್ ಬೋಗಿ ಕೊಡಿ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಪೂರ್ತಿ ಸೆಟ್ ಎತ್ತರದಲ್ಲಿರಲಿ, ಸಣ್ಣ ಭಾಗಗಳು ಬಾಯಿಗೆ ಹೋಗುತ್ತವೆ.

ತಂತಿಬೇಲಿ:
ಪ್ಲಾಸ್ಟಿಕ್ ಆದರೂ ಹೊಸ ಬಣ್ಣ ಬೇಡ ಅಂತೀನಿ ನಾನು. ಮಗುವಿಗೆ ಓಡುವ ರೈಲು ಬೇಕು, ಹೊಳೆಯುವುದಲ್ಲ. ಒರೆಸುವ ಕೆಲಸದಲ್ಲಿ ಅವಳನ್ನೂ ಸೇರಿಸಿಕೊಳ್ಳಿ, ಆಲ್ಕೋಹಾಲ್ ನಿಮ್ಮ ಕೈಯಲ್ಲಿರಲಿ, ಅವಳಿಗೆ ಒಣ ಬಟ್ಟೆ.

ಕಿರುಹಳಿ:
ಪ್ಲಾಸ್ಟಿಕ್ಕೇ. ಹಾಗೇ ಬಿಡುತ್ತೇನೆ. ಕೊನೇದು, ಒಂದು ಬೋಗಿಯ ಕೊಕ್ಕೆ ಮುರಿದಿದೆ, ಯಾವುದಾದರೂ ಹಾಕಬಹುದಾ?

ಮೂರನೇಬೋಗಿ:
ಇಲ್ಲ, ಕೊಕ್ಕೆಗಳಲ್ಲಿ ಬೇರೆ ಬೇರೆ ಜಾತಿ ಇವೆ, ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಉಳಿದ ಬೋಗಿಗಳಲ್ಲಿರುವಂಥದ್ದೇ ಹುಡುಕಿ. ಸಿಗುವ ತನಕ ಮುರಿದ ತುದಿ ಹಿಂದಕ್ಕೆ ಬರುವ ಹಾಗೆ ಆ ಬೋಗಿಯನ್ನು ಕೊನೆಗೆ ಹಾಕಿ ಓಡಿಸಿ.