ಪುಟ್ಟಿಗೆ, ಲ್ಯಾಂಡಿಂಗ್ ಭಯದ ಬಗ್ಗೆ

ಪುಟ್ಟಿ, ನೀನು ರಾತ್ರಿ ಗ್ರೂಪಿಗೆ ಹಾಕಿದ್ದನ್ನ ಈಗ ನೋಡಿದೆ. ಟ್ರೈನಿಂಗಲ್ಲಿ 18 ಗಂಟೆ ವಿಮಾನ ಹಾರಿಸಿದ್ದಾಯ್ತು, ಜೊತೆಯೋರು 12ಕ್ಕೇ ಸೋಲೋ, ಅಂದ್ರೆ ಇನ್‌ಸ್ಟ್ರಕ್ಟರ್ ಇಲ್ದೆ ಒಬ್ರೇ, ಹೋದ್ರು, ನನ್ನ ಲ್ಯಾಂಡಿಂಗ್ ಇನ್ನೂ ಪುಟೀತೈತೆ, ಫೈನಲ್‌ಗೆ, ಅಂದ್ರೆ ರನ್‌ವೇಗೆ ನೇರವಾಗಿ ಇಳಿಯೋ ಕೊನೇ ಹಾದಿಗೆ, ತಿರುಗಿದ ಕೂಡ್ಲೇ ಕೈ ಬೆವರ್ತೈತೆ ಅಂತ ಬರ್ದಿದ್ದೀ. ಅದರ ಕೆಳಗೆ ಅತ್ತಿಗೆ, "ಎಂಜಿನ್ ನಿಂತ್ರೆ ಏನ್ ಗತಿ, ಸಾಕು, ದಾವಣಗೆರೆಗೆ ಬಂದ್ಬಿಡು" ಅಂದಿದಾರೆ. ಉದ್ದ ಆಗುತ್ತೆ, ಇಯರ್‌ಫೋನ್ ಹಾಕ್ಕೊಂಡು ಇಬ್ರೂ ಕೇಳಿ.

ಆ 12, 18ರ ಲೆಕ್ಕ ಬಿಡವ್ವ. ಕಮರ್ಷಿಯಲ್ ಲೈಸೆನ್ಸಿಗೆ ಒಟ್ಟು 200 ಗಂಟೆ ಬೇಕೇ ಬೇಕು. ಹೆಚ್ಚಿಗೆ ಹಾರಿಸಿದ 6 ಗಂಟೆನೂ ಲಾಗ್‌ಬುಕ್ಕಲ್ಲೇ ಇರುತ್ತೆ, ಎಲ್ಲೂ ಹೋಗಲ್ಲ.

ಕೈ ಬೆವರೋದಕ್ಕೆ ಕಾರಣ ಏನಂದ್ರೆ, ಡೌನ್‌ವಿಂಡ್‌ನಲ್ಲಿ (ರನ್‌ವೇ ಪಕ್ಕದಲ್ಲಿ ಉಲ್ಟಾ ದಿಕ್ಕಿಗೆ ಹೋಗೋ ಹಾದಿ), ಬೇಸ್‌ನಲ್ಲಿ (ಅಲ್ಲಿಂದ ಫೈನಲ್ ಕಡೆ ಅಡ್ಡಕ್ಕೆ ಹೋಗೋ ಹಾದಿ) ಮುಗೀಬೇಕಾದ ಕೆಲಸ ಫೈನಲ್‌ವರೆಗೂ ಉಳ್ಕೊಂಡಿರುತ್ತೆ. ಸ್ಪೀಡೂ ಕೂತಿಲ್ಲ, ಟ್ರಿಮ್ಮೂ (ಕೈಮೇಲಿನ ಒತ್ತಡ ಇಳಿಸೋ ಚಕ್ರ) ಆಗಿಲ್ಲ, ಫ್ಲ್ಯಾಪ್ (ರೆಕ್ಕೆ ಹಿಂದೆ ಇಳಿಸೋ ಪಟ್ಟಿ) ಬಾಕಿ, ರನ್‌ವೇ ನಡುಗೆರೆನೂ ಸಿಕ್ಕಿಲ್ಲ. ನಾಲ್ಕನ್ನೂ ಕೊನೇ ಅರ್ಧ ನಿಮಿಷದಲ್ಲಿ ಹಿಡಿಯಕ್ಕೆ ಹೋದ್ರೆ ಎಂಥೋರಿಗೂ ಎದೆ ಹೊಡ್ಕೊಳ್ಳುತ್ತೆ. ಸೆಸ್ನಾ 172 ಅಂದಿದ್ದೀಯಲ್ಲ, ಅದಕ್ಕೆ ಸಾಮಾನ್ಯವಾಗಿ ನಡೆಯೋ ಲೆಕ್ಕ ಹೇಳ್ತೀನಿ. ನಿನ್ನ ವಿಮಾನದ ಕೈಪಿಡಿಲಿ ಬೇರೆ ಇದ್ರೆ ಅದೇ ಸರಿ. ಡೌನ್‌ವಿಂಡ್ ನೆಲದಿಂದ 1000 ಅಡಿ. ಇಳಿಯೋ ತುದಿ ಪಕ್ಕಕ್ಕೆ ಬಂದಾಗ ಪವರ್ 1500 ಆರ್‌ಪಿಎಂ ಹತ್ರಕ್ಕೆ, ಫ್ಲ್ಯಾಪ್ 10 ಡಿಗ್ರಿ. ಸ್ಪೀಡು 85 ನಾಟ್‌ಗಿಂತ ಕೆಳಗೆ ಬಂದ ಮೇಲೇ ಮುಂದಿನ ಫ್ಲ್ಯಾಪ್ ಮುಟ್ಟು. ಬೇಸ್‌ನಲ್ಲಿ ಫ್ಲ್ಯಾಪ್ 20, 75 ನಾಟ್. ಫೈನಲ್‌ನಲ್ಲಿ ಫ್ಲ್ಯಾಪ್ 30, 65 ನಾಟ್. ಒಂದೊಂದು ಸಲ ಸ್ಪೀಡ್ ಬದಲಾದಾಗ್ಲೂ ಟ್ರಿಮ್ ಚಕ್ರ ತಿರುಗಿಸು, ಹೆಬ್ಬೆರಳು ಮತ್ತೆ ಎರಡು ಬೆರಳಲ್ಲಿ ಯೋಕ್ (ವಿಮಾನದ ಸ್ಟಿಯರಿಂಗ್) ನಿಲ್ಬೇಕು. ಮುಷ್ಟಿ ಬಿಗಿಯಾಯ್ತು ಅಂದ್ರೆ ಟ್ರಿಮ್ ಮರೆತಿದ್ದೀ ಅಂತ ತಿಳ್ಕೋ.

ನೆಲದಿಂದ 300 ಅಡಿಗೆ ಬಂದಾಗ ಬಾಯಿಬಿಟ್ಟು ಕೇಳ್ಕೋ: ನಡುಗೆರೆ ಮೇಲಿದ್ದೀನಾ, ಸ್ಪೀಡು 65ರಿಂದ 70ರ ಒಳಗೈತಾ, ಫ್ಲ್ಯಾಪ್ ಆಯ್ತಾ? ಮೂರರಲ್ಲಿ ಒಂದಕ್ಕೆ "ಇಲ್ಲ" ಬಂದ್ರೂ ಗೋ ಅರೌಂಡ್, ಅಂದ್ರೆ ಇಳಿಯೋದು ಬಿಟ್ಟು ವಾಪಸ್ ಏರೋದು. ಇದನ್ನ ಸೋಲು ಅಂದ್ಕೊಂಡಿರೋದೇ ನಿನ್ನ ದೊಡ್ಡ ತೊಂದರೆ ಅಂತ ನನಗನ್ಸುತ್ತೆ. ಕೆಟ್ಟ ಫೈನಲ್ಲನ್ನ ಹೆಂಗಾದ್ರೂ ಇಳಿಸ್ಲೇಬೇಕು ಅಂತ ಹೊರಟ್ರೆ ಭಯ ಬರ್ಲೇಬೇಕು. ವಾಪಸ್ ಏರೋದು ಕೈಗೆ ಕೂತಿದ್ರೆ ರನ್‌ವೇ ಹತ್ರ ಬಂದಾಗ ಎದೆ ಅಷ್ಟು ಹೊಡ್ಕೊಳ್ಳಲ್ಲ. ಇನ್‌ಸ್ಟ್ರಕ್ಟರಿಗೆ ಹೇಳಿ ಒಂದು ಇಡೀ ಸಾರ್ಟಿ (ಒಂದು ಸಲದ ಹಾರಾಟ) ಅದನ್ನೇ ಮಾಡು. ಥ್ರಾಟಲ್ ಪೂರ್ತಿ ಮುಂದಕ್ಕೆ, ಕಾರ್ಬ್ಯುರೇಟರ್ ಇರೋ ಮಾಡೆಲ್ಲಾದ್ರೆ ಕಾರ್ಬ್ ಹೀಟ್ (ಅದನ್ನ ಬಿಸಿ ಮಾಡೋ ಗುಂಡಿ) ಒಳಕ್ಕೆ, ತಕ್ಷಣ ಫ್ಲ್ಯಾಪ್ 30ರಿಂದ 20ಕ್ಕೆ. ಇಳಿಯಕ್ಕೆ ಅಂತ ಟ್ರಿಮ್ ಮಾಡಿರ್ತೀಯಲ್ಲ, ಹಂಗಾಗಿ ಪವರ್ ಕೊಟ್ಟ ಕೂಡ್ಲೇ ಮೂತಿ ಜೋರಾಗಿ ಮೇಲೇಳುತ್ತೆ, ಎಡಕ್ಕೂ ಎಳೆಯುತ್ತೆ. ಯೋಕನ್ನ ಮುಂದಕ್ಕೆ ಒತ್ತಿ ಹಿಡಿ, ಬಲಗಾಲಲ್ಲಿ ರಡ್ಡರ್ (ಬಾಲದ ಚುಕ್ಕಾಣಿ) ಕೊಡು. 60 ದಾಟಿ ಏರಕ್ಕೆ ಶುರುವಾದ ಮೇಲೆ ಫ್ಲ್ಯಾಪ್ 10, ಅಡೆತಡೆ ದಾಟಿದ ಮೇಲೆ ಸೊನ್ನೆ. ಒಂದೇ ಸಲಕ್ಕೆ ಸೊನ್ನೆ ಮಾಡ್ಬೇಡ, ವಿಮಾನ ಕುಸಿಯುತ್ತೆ.

ಈಗ ಪುಟಿಯೋದು. ಹೆಚ್ಚಿನ ಸಲ ಸ್ಪೀಡ್ ಜಾಸ್ತಿ ಇರುತ್ತೆ, ಇಲ್ಲಾ ರೌಂಡ್ ಔಟ್ (ನೆಲದ ಹತ್ರ ಮೂತಿ ಎತ್ತಿ ಇಳಿತ ನಿಧಾನ ಮಾಡೋದು) ತಡವಾಗಿರುತ್ತೆ. "5 ನಾಟ್ ಜಾಸ್ತಿ ಇರ್ಲಿ, ಸೇಫ್" ಅಂತ ಎಲ್ರೂ ಅಂದ್ಕೊಳ್ತಾರೆ. ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, 65ರ ಬದಲು 70 ಇದ್ರೆ ಸುಮಾರು 16% ಹೆಚ್ಚು. ಅಷ್ಟನ್ನೂ ಕರಗಿಸೋವರೆಗೆ ವಿಮಾನ ತೇಲ್ತಾನೇ ಹೋಗುತ್ತೆ. ನೀನು ತಾಳ್ಮೆ ಕಳ್ಕೊಂಡು ಕೆಳಗೊತ್ತಿದ್ರೆ ಮುಂದಿನ ಗಾಲಿ ಮೊದ್ಲು ತಾಗಿ ಚೆಂಡಿನ ಹಾಗೆ ಎದ್ದೇಳುತ್ತೆ. ಎದ್ದಾಗ ಮತ್ತೆ ಕೆಳಗೊತ್ತೋದಂತೂ ಮಾಡ್ಲೇಬಾರ್ದು. ಎರಡನೇ, ಮೂರನೇ ಪುಟಿತದಲ್ಲಿ ಮೂತಿಗಾಲಿ ಮುರಿಯೋದು, ಪ್ರೊಪೆಲ್ಲರ್ ನೆಲಕ್ಕೆ ಹೊಡೆಯೋದು ಹಿಂಗೇನೇ. ಚಿಕ್ಕದಾಗಿ ಪುಟಿದ್ರೆ ಮೂತಿ ಇರೋ ಕಡೆನೇ ಹಿಡಿ, ಪವರ್ ಚೂರು ಕೊಡು, ತಾನೇ ಕೂರುತ್ತೆ. ದೊಡ್ಡದಾದ್ರೆ ಥ್ರಾಟಲ್ ಪೂರ್ತಿ, ಗೋ ಅರೌಂಡ್.

ಕಣ್ಣು ಎಲ್ಲಿಟ್ಟಿದ್ದೀ ಅನ್ನೋದನ್ನೂ ನೋಡ್ಕೋ. ಮೂತಿ ಮುಂದಿನ ನೆಲ ನೋಡಿದ್ರೆ ಅದು ಓಡಿಬಂದ ಹಾಗೆ ಕಾಣುತ್ತೆ, ಬೇಗ ಎಳೀತೀ, ವಿಮಾನ ಮೇಲಕ್ಕೆ ಉಬ್ಬುತ್ತೆ. ರೌಂಡ್ ಔಟ್ ಶುರು ಮಾಡುವಾಗ ನೋಟ ರನ್‌ವೇಯ ಆ ತುದಿಗೆ ಹೋಗ್ಬೇಕು. ಟವರ್ ಒಪ್ಪಿದ್ರೆ, ಇನ್‌ಸ್ಟ್ರಕ್ಟರ್ ಜೊತೆ ಚೂರು ಪವರ್ ಇಟ್ಕೊಂಡು, ಗಾಲಿ ತಾಗಿಸದೇ 10 ಅಡಿ ಎತ್ತರದಲ್ಲಿ ರನ್‌ವೇ ಉದ್ದಕ್ಕೂ ಹಾರಿಸು. ಆ ಎತ್ತರ ಹೆಂಗ್ ಕಾಣುತ್ತೆ ಅಂತ ಕಣ್ಣಿಗೆ ಕೂರಕ್ಕೆ ಇದಕ್ಕಿಂತ ಒಳ್ಳೇ ದಾರಿ ನನಗೆ ಗೊತ್ತಿಲ್ಲ.

ಇನ್ನೊಂದು. ನೀನು ಹಾರಿಸೋ ಬೆಂಗಳೂರಿನ ನೆಲವೇ ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಮೇಲೈತೆ. 33 ಡಿಗ್ರಿ ಬಿಸಿಲಲ್ಲಿ ಗಾಳಿ ಇನ್ನೂ ತೆಳುವಾಗಿ, ವಿಮಾನಕ್ಕೆ ಅದು 5900 ಅಡಿ ಹತ್ರ ಇದ್ದ ಹಾಗೆ. ಮೀಟರಲ್ಲಿ 65 ಇದ್ರೂ ನಿಜವಾದ ವೇಗ 70 ದಾಟಿರುತ್ತೆ, ನೆಲ ಜೋರಾಗಿ ಓಡ್ತೈತೆ ಅನ್ಸುತ್ತೆ. ಹಂಗಂತ ಸ್ಪೀಡ್ ಇಳಿಸ್ಬೇಡ, ಮೀಟರ್ ನಂಬು. ಏರೋದೂ ಮಂದ ಇರುತ್ತೆ, ಅದಕ್ಕೇ ಆದಷ್ಟು ಬೆಳಗಿನ ಸಾರ್ಟಿ ಕೇಳು.

ಸ್ಟಾಲ್ (ರೆಕ್ಕೆ ವಿಮಾನವನ್ನ ಎತ್ತಿಹಿಡಿಯೋ ಶಕ್ತಿ ಕಳ್ಕೊಳ್ಳೋದು) ಭಯಕ್ಕೆ ಒಂದೇ ಮಾತು. ಪೀಪಿ ಊದಿದ ಹಾಗೆ ಹಾರ್ನ್ ಬರುತ್ತಲ್ಲ, ಅದು ಸ್ಟಾಲಿಗೆ 5ರಿಂದ 10 ನಾಟ್ ಮುಂಚೇನೇ ಬರುತ್ತೆ. ಮೊದ್ಲು ಮೂತಿ ಇಳಿಸು, ಆಮೇಲೆ ಪವರ್. ಸರ್ಕ್ಯೂಟಲ್ಲಿ (ಏರಿ, ರನ್‌ವೇ ಸುತ್ತಿ, ಇಳಿಯೋ ಒಂದು ಸುತ್ತು) 30 ಡಿಗ್ರಿಗಿಂತ ಹೆಚ್ಚು ವಾಲಿಸ್ಬೇಡ. ಫೈನಲ್ ದಾಟಿ ಹೋದ್ರೆ ರಡ್ಡರಲ್ಲಿ ಎಳ್ಕೊಂಡು ಸರಿಮಾಡಕ್ಕೆ ಹೋಗ್ಬೇಡ, ಗೋ ಅರೌಂಡ್.

ಅತ್ತಿಗೆ, ಎಂಜಿನ್ ನಿಂತ್ರೆ ವಿಮಾನ ಕಲ್ಲಿನ ಹಾಗೆ ಬೀಳಲ್ಲ. 1000 ಅಡಿ ಎತ್ತರದಿಂದ, ಗಾಳಿ ಇಲ್ದಿದ್ರೆ, ಹೆಚ್ಚುಕಮ್ಮಿ ಎರಡೂವರೆ ಕಿಲೋಮೀಟರ್ ತೇಲ್ಕೊಂಡು ಹೋಗುತ್ತೆ. ಕಿಡಿ ಕೊಡೋ ಮ್ಯಾಗ್ನೆಟೋ ಒಂದಲ್ಲ, ಎರಡು ಇರ್ತವೆ, ಹಾರೋಕೆ ಮುಂಚೆ ಎರಡನ್ನೂ ಬೇರೆಬೇರೆ ಪರೀಕ್ಷೆ ಮಾಡ್ತಾರೆ. ಈ ಅಭ್ಯಾಸ ಎಲ್ಲಾ ಮಾಡಿಸಿದ ಮೇಲೇ ಅವಳನ್ನ ಒಬ್ಬಳನ್ನೇ ಕಳ್ಸೋದು.

ಪುಟ್ಟಿ, ಹಬ್ಬಕ್ಕೆ ಊರಿಗೆ ಬಂದಾಗ ಪ್ಯಾನೆಲ್ ಫೋಟೋ ಗೋಡೆಗೆ ಅಂಟ್ಸಿ, ಕುರ್ಚಿ ಮೇಲೆ ಕೂತ್ಕೊಂಡು ದಿನಾ ಮೂರು ಸರ್ಕ್ಯೂಟ್ ಮಾಡು. ಕೈ ಆಡಿಸ್ತಾ, ರೇಡಿಯೋ ಕಾಲ್ ಸಮೇತ ಜೋರಾಗಿ ಹೇಳ್ಬೇಕು, ಒಂದಕ್ಕೆ ಐದಾರು ನಿಮಿಷ. ಬರೋವಾಗ ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಕಾಣ್ತವಲ್ಲ, ತಿರುಗ್ತಿದ್ರೆ ಅವು ಗಾಳಿಗೇ ಮುಖ ಮಾಡಿರ್ತವೆ. ರನ್‌ವೇ 26 (ಅಂದ್ರೆ 260 ಡಿಗ್ರಿ ದಿಕ್ಕು) ಅಂತಿಟ್ಕೊಂಡು, ಗಾಳಿ ಎಷ್ಟು ಡಿಗ್ರಿ ಪಕ್ಕದಿಂದ ಐತೆ ಅಂತ ಲೆಕ್ಕ ಹಾಕು. 30 ಡಿಗ್ರಿ ಆದ್ರೆ ಅಡ್ಡಗಾಳಿ ಅರ್ಧ, 45 ಆದ್ರೆ ಹತ್ತಕ್ಕೆ ಏಳು, 60 ಆದ್ರೆ ಹತ್ತಕ್ಕೆ ಒಂಬತ್ತು.

ಸೋಲೋ ದಿನಕ್ಕೆ ಒಂದು ನೆನಪಿಟ್ಕೋ. ಪಕ್ಕದ ಸೀಟಿನ ಇನ್‌ಸ್ಟ್ರಕ್ಟರ್ ತೂಕ, 70, 80 ಕೆಜಿ, ಇಳಿದಿರುತ್ತೆ. ಬೇಗ ನೆಲ ಬಿಡುತ್ತೆ, ಬೇಗ 1000 ಅಡಿ ಮುಟ್ಟುತ್ತೆ, ಇಳಿವಾಗ ಚೂರು ಜಾಸ್ತಿ ತೇಲುತ್ತೆ. ಏನೋ ಕೆಟ್ಟಿದೆ ಅಂತ ಗಾಬರಿ ಆಗ್ಬೇಡ.

ನಾಳೆ ಸಾರ್ಟಿ ಮುಗಿದ ಕೂಡ್ಲೇ ಪ್ರತಿ ಲ್ಯಾಂಡಿಂಗಿಗೂ 300 ಅಡಿಲಿದ್ದ ಸ್ಪೀಡು, ಗಾಲಿ ತಾಗಿದ ಜಾಗ ಎರಡನ್ನೂ ಚೀಟೀಲಿ ಬರ್ಕೊಂಡು ನನ್ನ ನಂಬರಿಗೆ ಫೋಟೋ ಹಾಕು. ಗ್ರೂಪಿಗೆ ಬೇಡ, ನಾವಿಬ್ರೇ ನೋಡಣ.