ಅಸಲನ್ನು ಮೀರಿಸಿದ ನಕಲು: ಪ್ಲಾನೆಟಾಯ್ಡ್‌ಗೆ ಆ ಪಟ್ಟ ಸಲ್ಲುತ್ತದೆಯೇ?

ಮೋಡ್ ಎರಡು: ಎಂಬತ್ತರ ದಶಕದ ಮನೆ ಕಂಪ್ಯೂಟರ್‌ಗಳಲ್ಲಿ ಅಸಲಿಗಿಂತ ನಕಲೇ ಮೇಲಾದ ಆಟ ಯಾವುದು ಅಂದರೆ ನನ್ನ ಓಟು ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಕಂಪ್ಯೂಟರ್‌ನ ಪ್ಲಾನೆಟಾಯ್ಡ್‌ಗೆ. ಆರ್ಕೇಡ್‌ನಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಡಿಫೆಂಡರ್ ಎಂಬ ಬಾಹ್ಯಾಕಾಶ ಹಡಗಿನ ಆಟದ ನಕಲು ಅದು. 1982ರಲ್ಲಿ ಏಕಾರ್ನ್‌ಸಾಫ್ಟ್ ತಂದಿದ್ದು, ಬರೆದವರು ನೀಲ್ ರೇನ್. ಮೊದಲು ಡಿಫೆಂಡರ್ ಅಂತಲೇ ಮಾರಿ ಆಮೇಲೆ ಹೆಸರು ಬದಲಿಸಿದರು. ಅದೇ ವರ್ಷ ಅಟಾರಿ 2600 ಎಂಬ ಟಿವಿ ಆಟದ ಪೆಟ್ಟಿಗೆಗೆ ಬಂದ ಅಧಿಕೃತ ಡಿಫೆಂಡರ್ ಆಡಿ ನೋಡಿ: ಗುಂಡು ಹಾರಿಸಿದ ಕ್ಷಣ ನಿಮ್ಮ ಹಡಗೇ ಮಾಯ. ಪರದೆಯ ಶತ್ರುಗಳನ್ನೆಲ್ಲ ಒಮ್ಮೆಗೇ ಉಡಾಯಿಸುವ ಸ್ಮಾರ್ಟ್ ಬಾಂಬ್ ಬೇಕೆಂದರೆ ಪರದೆಯ ತಳದವರೆಗೆ ಇಳಿದು ಗುಂಡಿ ಒತ್ತಬೇಕು. ಲೈಸೆನ್ಸ್ ಇದ್ದದ್ದು ಅವರ ಹತ್ತಿರ, ಆಟ ಇದ್ದದ್ದು ಇವರ ಹತ್ತಿರ.

ಝಡ್ ಎಂಬತ್ತು: ಸ್ವಾಮಿ, 2600 ಜತೆ ಹೋಲಿಸೋದು ಮಗುವಿನ ಜತೆ ಕುಸ್ತಿ ಹಿಡಿದು ಗೆದ್ದ ಹಾಗೆ. ಆ ಪೆಟ್ಟಿಗೆಯಲ್ಲಿ ಇದ್ದದ್ದೇ 128 ಬೈಟ್ ರ‍್ಯಾಮ್, 4 ಕಿಲೋಬೈಟ್ ಕಾರ್ಟ್ರಿಜ್. ಬಿಬಿಸಿ ಮಾಡೆಲ್ ಬಿ-ಯಲ್ಲಿ 32 ಕಿಲೋಬೈಟ್ ರ‍್ಯಾಮ್, 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್. ಅಸಲು ಅಂದರೆ 1981ರ ವಿಲಿಯಮ್ಸ್ ಆರ್ಕೇಡ್ ಯಂತ್ರ. ಅದಕ್ಕಿಂತ ಪ್ಲಾನೆಟಾಯ್ಡ್ ಯಾವುದರಲ್ಲಿ ಮೇಲು ಹೇಳಿ. ಅದೇ ಶತ್ರು, ಅದೇ ರಾಡಾರ್, ಅದೇ ಸ್ಮಾರ್ಟ್ ಬಾಂಬ್. ಚೆನ್ನಾಗಿ ಇಳಿಸಿದ ಕಾಪಿ, ಅಷ್ಟೆ.

ಕರಾವಳಿ ಕ್ಯಾಸೆಟ್: ಅಲ್ಲ ಮಾರಾಯ್ರೇ, ಮೆಮೊರಿ ಕಮ್ಮಿ ಅಂತ 2600ಕ್ಕೆ ಪೂರ್ತಿ ಮಾಫಿ ಕೊಡಲಿಕ್ಕೆ ಆಗುವುದಿಲ್ಲ. 1982ರ ಪ್ಯಾಕ್‌ಮ್ಯಾನ್‌ನಲ್ಲಿ ನಾಲ್ಕು ಭೂತಗಳನ್ನು ಸರದಿಯಲ್ಲಿ ಒಂದೊಂದು ಫ್ರೇಮಿಗೆ ಒಂದೊಂದರಂತೆ ಬಿಡಿಸಿದರು. ಹಾಗಾಗಿ ಪ್ರತಿ ಭೂತವೂ ಸೆಕೆಂಡಿಗೆ 15 ಸಲ ಮಾತ್ರ ಕಾಣುತ್ತದೆ, ಕಣ್ಣು ಕುಕ್ಕುತ್ತದೆ. ಮರುವರ್ಷ ಅದೇ ಯಂತ್ರಕ್ಕೆ ಮಿಸ್ ಪ್ಯಾಕ್‌ಮ್ಯಾನ್ ಬಂತು, 8 ಕಿಲೋಬೈಟ್. ಒಂದೇ ಸ್ಪ್ರೈಟನ್ನು (ಚಿಪ್ಪೇ ಬಿಡಿಸುವ ಚಲಿಸುವ ಚಿತ್ರ) ಪರದೆಯ ಬೇರೆ ಬೇರೆ ಎತ್ತರದಲ್ಲಿ ಮತ್ತೆ ಮತ್ತೆ ಬಳಸಿದರೆ, ಭೂತಗಳು ಒಂದೇ ಸಾಲಿಗೆ ಬಂದಾಗ ಮಾತ್ರ ಮಿಣುಕುತ್ತವೆ. ಯಂತ್ರ ಅದೇ ಉಂಟಲ್ಲ, ಕೆಲಸ ಬೇರೆ!

ಮೀರಿಸಿದ್ದು ಅಂದರೆ ನನಗೆ ಪ್ಯಾಕ್‌ಮ್ಯಾನ್ ತರಹದ ಕೆ.ಸಿ. ಮಂಚ್‌ಕಿನ್. ಒಡಿಸ್ಸಿ 2 ಎಂಬ ಆಟದ ಪೆಟ್ಟಿಗೆಯಲ್ಲಿ ಪ್ಯಾಕ್‌ಮ್ಯಾನ್‌ನ 240 ಚುಕ್ಕಿ ಬಿಡಿಸಲಿಕ್ಕೆ ಸಾಧ್ಯ ಇರಲಿಲ್ಲ. ಬರೀ 12 ಚುಕ್ಕಿ ಇಟ್ಟು ಅವೇ ಓಡಿಹೋಗುವ ಹಾಗೆ ಮಾಡಿದರು. ಕೊನೆಯ ಚುಕ್ಕಿ ನಿಮ್ಮಷ್ಟೇ ವೇಗದಲ್ಲಿ ಓಡುತ್ತದೆ, ಬೆನ್ನಟ್ಟಿದರೆ ಸಿಗುವುದಿಲ್ಲ, ಅಡ್ಡ ಹಾಕಿಯೇ ಹಿಡಿಯಬೇಕು. ಬಡತನವೇ ಹೊಸ ಆಟ ಹುಟ್ಟಿಸಿತು. ಕೀಬೋರ್ಡಿನಿಂದ ನಿಮ್ಮದೇ ಮೇಜ್ ಕೂಡ ಕಟ್ಟಬಹುದು. ಅಟಾರಿಯವರು ಕೋರ್ಟಿಗೆ ಹೋಗಿ 1982ರಲ್ಲಿ ಮೇಲ್ಮನವಿಯಲ್ಲಿ ಗೆದ್ದು ಮಾರಾಟ ನಿಲ್ಲಿಸಿದರು. ಮೇಜ್ ಆಟದ ಕಲ್ಪನೆಗೆ ಕಾಪಿರೈಟ್ ಇಲ್ಲ, ಪಾತ್ರಗಳ ರೂಪ ತೀರಾ ಹತ್ತಿರ ಆಯಿತು ಎಂಬುದು ತೀರ್ಪಿನ ತಿರುಳು.

ಬಿಟ್ ಬಸ್ಯಾ: ಅದಕ್ಕ ನೋಡ್ರಿ ಏಕಾರ್ನ್‌ಸಾಫ್ಟ್‌ನವ್ರು ಸ್ನ್ಯಾಪರ್ ಆಟದಾಗ ಪಾತ್ರ ಬದಲಿ ಮಾಡಿದ್ದು. ಮೊದಲಿನದು ಥೇಟ್ ಪ್ಯಾಕ್‌ಮ್ಯಾನ್. ಆಮ್ಯಾಗ ಅದೇ ಹಳದಿ ಮಾರಿಗೆ ಟೋಪಿ ಹಾಕಿ ಸಣ್ಣ ಕಾಲು ಹಚ್ಚಿದ್ರು. ಆಟ ಮಾತ್ರ ಅದೇ.

ಝಡ್ ಎಂಬತ್ತು: ಮಂಚ್‌ಕಿನ್ ಒಪ್ಪುತ್ತೇನೆ, ಏಕೆಂದರೆ ಅಲ್ಲಿ ಹೊಸದೊಂದು ಇದೆ. ಅದೇ ಕಾರಣಕ್ಕೆ ನನ್ನ ಆಯ್ಕೆ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಮನೆ ಕಂಪ್ಯೂಟರ್‌ನ ಪೆನಿಟ್ರೇಟರ್, 1982, ಮೆಲ್ಬೋರ್ನ್ ಹೌಸ್. ಕೊನಾಮಿಯ ಆರ್ಕೇಡ್ ಆಟ ಸ್ಕ್ರ್ಯಾಂಬಲ್‌ನ ನಕಲು. ಆದರೆ ನೆಲದ ಏರಿಳಿತ, ಕ್ಷಿಪಣಿ, ರಾಡಾರ್ ಎಲ್ಲವನ್ನೂ ನೀವೇ ಜೋಡಿಸಿ ಟೇಪಿಗೆ ಉಳಿಸುವ ಎಡಿಟರ್ ಜತೆಗೇ ಬಂತು. ಕಷ್ಟದ ಹಂತವನ್ನು ಬಿಡಿಯಾಗಿ ಅಭ್ಯಾಸ ಮಾಡುವ ಸೌಲಭ್ಯವೂ ಇತ್ತು. ನಾಣ್ಯ ನುಂಗುವ ಆರ್ಕೇಡ್ ಯಂತ್ರಕ್ಕೆ ಇದೆಲ್ಲ ಕೊಟ್ಟು ಏನಾಗಬೇಕಿತ್ತು?

ಅದೂ ಎಂಥ ಯಂತ್ರದಲ್ಲಿ! ಸ್ಪೆಕ್ಟ್ರಮ್‌ಗೆ ಚಿಪ್ಪೇ ಪರದೆ ಸರಿಸುವ ಹಾರ್ಡ್‌ವೇರ್ ಸ್ಕ್ರೋಲ್ ಇಲ್ಲ, ಸ್ಪ್ರೈಟ್ ಇಲ್ಲ. ಒಂದು ಫ್ರೇಮಿಗೆ ಪ್ರೊಸೆಸರ್‌ಗೆ ಸಿಗುವುದು 69,888 ಗಡಿಯಾರ ಬಡಿತ. ಚಿತ್ರದ ಮೆಮೊರಿ 6144 ಬೈಟ್. ಬೈಟುಗಳನ್ನು ಸಾಲಾಗಿ ನಕಲಿಸುವ ಎಲ್‌ಡಿಐಆರ್ ಆಜ್ಞೆಯಲ್ಲಿ ಬೈಟಿಗೆ 21 ಬಡಿತ, ಅಂದರೆ ಪರದೆಯನ್ನು ಒಂದು ಸಲ ಸರಿಸುವುದಕ್ಕೇ 1,29,024. ಪಿಕ್ಸೆಲ್ ಲೆಕ್ಕದಲ್ಲಿ ಸರಿಸಲು ಒಂದೊಂದು ಬೈಟನ್ನೂ ತಿರುಗಿಸಬೇಕು. ಲೂಪ್ ಬಿಚ್ಚಿ ಬರೆದರೂ ಬೈಟಿಗೆ ತಿರುಗಿಸಲು 15, ಮುಂದಿನದಕ್ಕೆ ಸರಿಯಲು 4, ಒಟ್ಟು 19. ಪರದೆಯ ಮೂರರಲ್ಲಿ ಎರಡು ಪಾಲು ತೆಗೆದುಕೊಂಡರೂ 77,824, ಫ್ರೇಮ್ ಮುಗಿದೇ ಹೋಯಿತು. ಸಾಲದ್ದಕ್ಕೆ ಮೆಮೊರಿಯ ಕೆಳಗಿನ 16 ಕಿಲೋಬೈಟ್ ರ‍್ಯಾಮ್‌ನಲ್ಲಿ ಪರದೆ ಬಿಡಿಸುವ ಯುಎಲ್ಎ ಚಿಪ್ಪಿನ ತಡೆ ಬೇರೆ.

ಮೋಡ್ ಎರಡು: ಲೆಕ್ಕ ಸರಿ ಸಾರ್. ಆದರೆ ಬಿಬಿಸಿಯದ್ದು ಸುಲಭದ ತುತ್ತು ಅಂದುಕೊಳ್ಳಬೇಡಿ. ಪ್ಲಾನೆಟಾಯ್ಡ್ ಬಳಸುವ ಮೋಡ್ 2 ಎಂಬ ಬಣ್ಣದ ಪರದೆ 20 ಕಿಲೋಬೈಟ್ ಮೆಮೊರಿ ತಿನ್ನುತ್ತದೆ, ವಿಳಾಸ 12288ರಿಂದ 32767ರವರೆಗೆ. ಟೇಪ್ ಯಂತ್ರದಲ್ಲಿ ಪ್ರೋಗ್ರಾಮ್ ಶುರುವಾಗೋದು 3584ರಿಂದ. ಪೂರ್ತಿ ಪರದೆ ಇಟ್ಟುಕೊಂಡರೆ ಆಟಕ್ಕೆ ಉಳಿಯೋದು 8704 ಬೈಟ್.

ಸ್ಕ್ರೋಲ್ ಮಾಡೋದು 6845 ಎಂಬ ವಿಡಿಯೊ ಚಿಪ್ಪು. ಅದರ 12 ಮತ್ತು 13ನೇ ರಿಜಿಸ್ಟರ್‌ನ ಮೌಲ್ಯ ಒಂದು ಹೆಚ್ಚಿಸಿದರೆ ಪರದೆ ಎರಡು ಪಿಕ್ಸೆಲ್ ಜರುಗುತ್ತದೆ. ಹೊಸದಾಗಿ ಬರೆಯಬೇಕಾದ್ದು ಅಂಚಿನ ಒಂದು ಕಂಬ ಮಾತ್ರ, 256 ಬೈಟ್. ತೊಂದರೆ ಶುರುವಾಗೋದು ಆಮೇಲೆ. ಪರದೆ ಇಡಿಯಾಗಿ ಜರುಗಿದಾಗ ಸ್ಕೋರು, ರಾಡಾರ್, ನಿಮ್ಮ ಹಡಗು ಎಲ್ಲ ಅದರ ಜತೆಗೇ ಹೋಗುತ್ತವೆ. ಅವನ್ನು ಪ್ರತಿ ಸಲ ಅಳಿಸಿ ಹಳೆಯ ಜಾಗದಲ್ಲಿ ಮತ್ತೆ ಬರೆಯಬೇಕು. ಟಿವಿಯ ಕಿರಣ ಆ ಸಾಲು ತಲುಪುವ ಮೊದಲು ಮುಗಿಸದಿದ್ದರೆ ನಡುಕ ಕಾಣುತ್ತದೆ.

ಇನ್ನೊಂದು: 32767 ದಾಟಿದರೆ ಚಿಪ್ಪು ತಾನಾಗಿ 12288ಕ್ಕೆ ಮರಳುತ್ತದೆ, ನಿಮ್ಮ ಕೋಡ್ ಮರಳೋದಿಲ್ಲ. ವಿಳಾಸದ ಮೇಲಿನ ಬೈಟಿನ ಮೊದಲ ಬಿಟ್ (ಸೈನ್ ಬಿಟ್) ನೋಡಿ 20480 ಕಳೆಯಬೇಕು. ಮರೆತರೆ ಬರಹ ರ‍್ಯಾಮ್‌ಗೆ ಹೋಗೋ ಬದಲು ಬರೆಯಲಾಗದ ರೋಮ್ ಜಾಗಕ್ಕೆ ಹೋಗಿ ಹಡಗಿನ ಅರ್ಧ ಮಾತ್ರ ಕಾಣುತ್ತದೆ. ಹೊಸಬರು ಇದನ್ನು ಚಿತ್ರದ ದತ್ತಾಂಶದ ತಪ್ಪು ಅಂದುಕೊಂಡು ದಿನಗಟ್ಟಲೆ ಹುಡುಕುತ್ತಾರೆ.

ಕರಾವಳಿ ಕ್ಯಾಸೆಟ್: ಇದೆಲ್ಲ ಬರೆದವರ ಕಷ್ಟ ಆಯಿತು. ಆಡುವವರಿಗೆ ಎಂತ ಸಿಕ್ಕಿತು?

ಮೋಡ್ ಎರಡು: ಹಿಡಿತ ಸಿಕ್ಕಿತು. ಆರ್ಕೇಡ್‌ನಲ್ಲಿ ತಿರುಗುವ ಗುಂಡಿ ಬೇರೆ, ಮುನ್ನುಗ್ಗುವ ಗುಂಡಿ ಬೇರೆ. ವೇಗವಾಗಿ ಹೋಗುತ್ತಾ ಥ್ರಸ್ಟ್ ಬಿಟ್ಟು ಮೂತಿ ತಿರುಗಿಸಿದರೆ ಹಡಗು ಹಿಂದಕ್ಕೆ ತೇಲುತ್ತಿರುವಾಗಲೇ ಬೆನ್ನಟ್ಟಿದವರ ಮೇಲೆ ಗುಂಡು ಹಾರಿಸಬಹುದು. ಡಿಫೆಂಡರ್‌ನ ಜೀವವೇ ಅದು. ಜಾಯ್‌ಸ್ಟಿಕ್ ಆವೃತ್ತಿಗಳಲ್ಲಿ ಎಡ-ಬಲ ಅಂದರೆ ತಿರುವು, ವೇಗ ಎರಡೂ ಒಟ್ಟಿಗೆ. ಆ ವರಸೆ ಸತ್ತೇಹೋಯಿತು. ಪ್ಲಾನೆಟಾಯ್ಡ್‌ನಲ್ಲಿ ಎ ಮೇಲಕ್ಕೆ, ಝಡ್ ಕೆಳಕ್ಕೆ, ಶಿಫ್ಟ್ ಥ್ರಸ್ಟ್, ಸ್ಪೇಸ್ ತಿರುವು, ರಿಟರ್ನ್ ಗುಂಡು, ಟ್ಯಾಬ್ ಸ್ಮಾರ್ಟ್ ಬಾಂಬ್, ಎಚ್ ಹೈಪರ್‌ಸ್ಪೇಸ್ (ಬೇರೆ ಜಾಗಕ್ಕೆ ಜಿಗಿತ).

ಬಿಟ್ ಬಸ್ಯಾ: ಈಗ ಆಡಬೇಕಂದ್ರ ಹೆಂಗ್ರಿ? ಶಿಫ್ಟ್ ಹಿಡಿದ್ರ ಹಡಗ ಸರಿಯಾಗಿ ಮುಂದ ಹೋಗಂಗಿಲ್ಲ, ನಡುವ ವಿಂಡೋಸ್‌ನ ಪೆಟ್ಟಿಗಿ ಒಂದು ಬರ್ತದ.

ಮೋಡ್ ಎರಡು: ಎರಡು ಬೇರೆ ಬೇರೆ ಕಾರಣ. ಶಿಫ್ಟ್ ಐದು ಸಲ ಒತ್ತಿದರೆ ವಿಂಡೋಸ್‌ನ ಸ್ಟಿಕಿ ಕೀಸ್ ಎದ್ದು ಬರುತ್ತದೆ; ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಆ ಶಾರ್ಟ್‌ಕಟ್ ಆಫ್ ಮಾಡಿ. ಎರಡನೆಯದು ಎಮ್ಯುಲೇಟರ್‌ನ (ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮ್) ಕೀಲಿ ಹೊಂದಿಕೆ. ಬೀಬೆಮ್ ಎಂಬ ಬಿಬಿಸಿ ಎಮ್ಯುಲೇಟರ್‌ನಲ್ಲಿ ಲಾಜಿಕಲ್ ಇದ್ದರೆ ಶಿಫ್ಟನ್ನು ಅಕ್ಷರದ ಜತೆ ಸೇರಿಸಿ ಅರ್ಥ ಮಾಡಿಕೊಳ್ಳುತ್ತದೆ; ಫಿಸಿಕಲ್‌ಗೆ ಬದಲಿಸಿ. ಡಿಸ್ಕ್ ಚಿತ್ರ ಹಾಕಿದ ಮೇಲೆ ಶಿಫ್ಟ್ ಹಿಡಿದು ಎಫ್12 (ಬಿಬಿಸಿಯ ಬ್ರೇಕ್ ಕೀಲಿ) ಒತ್ತಿ, ಮೊದಲು ಎಫ್12 ಬಿಡಿ, ಆಮೇಲೆ ಶಿಫ್ಟ್. ಆಟ ಸೆಕೆಂಡಿಗೆ 50 ಫ್ರೇಮ್‌ನದು; ಮಾನಿಟರ್ 60 ಹರ್ಟ್ಸ್ ಇದ್ದರೆ ಪ್ರತಿ ಐದನೇ ಫ್ರೇಮ್ ಎರಡು ಸಲ ಕಂಡು ನೆಲ ಕುಲುಕುತ್ತದೆ. 50 ಅಥವಾ 100ಕ್ಕೆ ಬದಲಿಸಲು ಆದರೆ ಬದಲಿಸಿ.

ಬೇರೆ ಟೇಪ್ ಆಟಗಳನ್ನು ಡಿಸ್ಕಿಗೆ ಹಾಕಿದಾಗ ಕೆಡೋದು ಇನ್ನೊಂದು ಕಾರಣಕ್ಕೆ. ಡಿಸ್ಕ್ ವ್ಯವಸ್ಥೆ ಇದ್ದಾಗ ಪ್ರೋಗ್ರಾಮ್ ಶುರುವಾಗೋದು 6400ರಿಂದ, 2816 ಬೈಟ್ ಖೋತಾ. ಮೊದಲು ಮೇಲಿನ ವಿಳಾಸಕ್ಕೆ ಲೋಡ್ ಮಾಡಿ, ಸ್ಟಾರ್ ಟೇಪ್ (*TAPE) ಆಜ್ಞೆ ಕೊಟ್ಟು, ಆಮೇಲೆ 3584ಕ್ಕೆ ಇಳಿಸಬೇಕು. ಅಲ್ಲಿಗೆ ಡಿಸ್ಕಿನ ಕೆಲಸದ ಜಾಗ ಅಳಿಸಿಹೋಗಿರುತ್ತದೆ. ಬ್ರೇಕ್ ಒತ್ತುವವರೆಗೂ ಡಿಸ್ಕ್ ಮುಟ್ಟಬಾರದು.

ಕರಾವಳಿ ಕ್ಯಾಸೆಟ್: ಅಂದ ಹಾಗೆ 1984ರ ಕ್ಲಾಸ್ ಎಂಬ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಇದೇ ಬಿಬಿಸಿ ಮೈಕ್ರೋ. ಪುಣೆಯ ಡೆಸಿಬೆಲ್ಸ್ ಕಂಪನಿಯದ್ದು ಡಿಬಿ ಸ್ಪೆಕ್ಟ್ರಮ್. ಎರಡು ಪಕ್ಷದವರಿಗೂ ಇಲ್ಲಿ ನೆಂಟರು ಉಂಟು.

ಝಡ್ ಎಂಬತ್ತು: ಹಿಂದಕ್ಕೆ ತೇಲುವ ಮಾತು ಒಪ್ಪಿದೆ. ಆದರೆ ಅದು ಆರ್ಕೇಡ್‌ನಲ್ಲೂ ಇತ್ತಲ್ಲ, ನೀವೇ ಹೇಳಿದಿರಿ. ಹಾಗಾದರೆ ಪ್ಲಾನೆಟಾಯ್ಡ್ ಅಸಲಿಗೆ ಸಮ. ಮೀರಿದ್ದು ಪೆನಿಟ್ರೇಟರ್.

ಮೋಡ್ ಎರಡು: ಮನೆಗೆ ಬಂದ ಲೈಸೆನ್ಸ್ ಆಟಗಳನ್ನು ಮೀರಿತು, ನನಗೆ ಅಷ್ಟು ಸಾಕು. ಪೆನಿಟ್ರೇಟರ್‌ನಲ್ಲಿ ಕಟ್ಟಿದ ನೆಲವನ್ನು ಈಗ ಉಳಿಸಿಕೊಳ್ಳೋದು ಹೇಗೆ, ಅದನ್ನಾದರೂ ಹೇಳಿ.

ಝಡ್ ಎಂಬತ್ತು: ಫ್ಯೂಸ್ ಎಂಬ ಸ್ಪೆಕ್ಟ್ರಮ್ ಎಮ್ಯುಲೇಟರ್‌ನ ಮೀಡಿಯಾ ಪಟ್ಟಿಯಲ್ಲಿ ಟೇಪ್ ಕ್ಲಿಯರ್ ಮಾಡಿ, ಆಟದೊಳಗಿಂದ ಉಳಿಸಿ, ಮತ್ತೆ ಅದೇ ಪಟ್ಟಿಯಲ್ಲಿ ಟೇಪ್ ರೈಟ್ ಕೊಟ್ಟು ಹೊಸ ಹೆಸರಿನ ಫೈಲ್ ಮಾಡಿ. ಕ್ಲಿಯರ್ ಮಾಡದಿದ್ದರೆ ನಿಮ್ಮ ನೆಲ ಮೂಲ ಆಟದ ಬಾಲಕ್ಕೆ ಅಂಟಿಕೊಂಡು ಕೂರುತ್ತದೆ. ಫೈಲ್ ಖಾಲಿ ಬಂದರೆ ಎಫ್2 ಒತ್ತಿ ಇಡೀ ಮೆಮೊರಿಯ ಸ್ನ್ಯಾಪ್‌ಶಾಟ್ ತೆಗೆದಿಡಿ.