ಪದಚರ್ಚೆ: ‘ಸಲಿಂಗಿ ಎಂದು ಒಪ್ಪಿಕೊಂಡ’ – ಇಲ್ಲಿ ಬೇರೆ ಕ್ರಿಯಾಪದ ಬೇಡವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸೇನೆಯಲ್ಲಿ ಸಲಿಂಗಿಗಳ ಮೇಲಿದ್ದ ನಿಷೇಧ, ಅದರ ವಿರುದ್ಧ ಸೈನಿಕರೇ ನಡೆಸಿದ ಹೋರಾಟ – ಇದರ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಮುಖ್ಯವಾಗಿ ಒಂದು ಕ್ರಿಯಾಪದದ ಬಗ್ಗೆ.

‘ತಾನು ಸಲಿಂಗಿ ಎಂದು ಅವನು...’ ಇದರ ಮುಂದೆ ಏನು ಬರಬೇಕು? ನಮ್ಮ ಸುದ್ದಿಗಳಲ್ಲಿ ಸಲೀಸಾಗಿ ಸಿಗುವ ಪದ ‘ಒಪ್ಪಿಕೊಂಡ’. ನಟರ ಬಗ್ಗೆ, ಆಟಗಾರರ ಬಗ್ಗೆ ಬರೆಯುವಾಗಲೂ ಇದೇ. ನನಗೆ ಇದು ಸರಿಕಾಣುತ್ತಿಲ್ಲ.

‘ಒಪ್ಪಿಕೊಳ್ಳು’ ಅನ್ನುವ ಪದದಲ್ಲಿ ದೋಷವೇನಿಲ್ಲ. ಮದುವೆಗೆ ಒಪ್ಪಿಕೊಂಡ, ಕೆಲಸ ಒಪ್ಪಿಕೊಂಡ – ಇಲ್ಲೆಲ್ಲ ಅದು ಬರೀ ಸಮ್ಮತಿ. ಆದರೆ ಹಿಂದೆ ‘ಎಂದು’ ಸೇರಿದರೆ ಅರ್ಥವೇ ಬೇರೆ ಆಗುತ್ತದೆ. ‘ತಾನೇ ಕದ್ದದ್ದು ಎಂದು ಒಪ್ಪಿಕೊಂಡ’, ‘ತಪ್ಪು ತನ್ನದೇ ಎಂದು ಒಪ್ಪಿಕೊಂಡ’. ಯಾರೋ ಮೊದಲೇ ಆರೋಪ ಹೊರಿಸಿದ್ದರು, ಇವನು ಇಷ್ಟು ದಿನ ಮುಚ್ಚಿಟ್ಟಿದ್ದ, ಈಗ ಬೇರೆ ದಾರಿಯಿಲ್ಲದೆ ಬಾಯಿಬಿಟ್ಟ – ಇಷ್ಟೆಲ್ಲ ಆ ಒಂದು ಪದದಲ್ಲಿ ಬಂದುಬಿಡುತ್ತದೆ. ಜೊತೆಗೆ ಏಕವಚನ ಬೇರೆ. ಪೊಲೀಸ್ ಸುದ್ದಿಯಲ್ಲಿ ಆರೋಪಿಗೆ ನಾವು ಬಹುವಚನ ಕೊಡುವುದಿಲ್ಲ ಅಲ್ವಾ? ಸೈನಿಕರ ವಿಷಯದಲ್ಲಿ ಯಾವಾಗಲೂ ‘ಯೋಧರು’, ‘ಅವರು’ ಎಂದು ಬರೆಯುವ ಪತ್ರಿಕೆಯೇ ಇಲ್ಲಿಗೆ ಬಂದಾಗ ‘ಒಪ್ಪಿಕೊಂಡಿದ್ದಾನೆ’ ಎಂದು ಬರೆದರೆ ಓದುವವರಿಗೆ ಆಗಲೇ ತೀರ್ಪು ಕೊಟ್ಟ ಹಾಗೆ.

ಲಿಯೊನಾರ್ಡ್ ಮ್ಯಾಟ್ಲೊವಿಚ್ ಅವರ ಪ್ರಸಂಗ ನೋಡಿ. ವಾಯುಪಡೆಯ ಸಾರ್ಜೆಂಟ್. ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದವರು. ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಸಿಕ್ಕಿತ್ತು, ಬ್ರಾನ್ಜ್ ಸ್ಟಾರ್ ಕೂಡ ಸಿಕ್ಕಿತ್ತು. 1975ರ ಮಾರ್ಚ್‌ನಲ್ಲಿ ವರ್ಜೀನಿಯಾದ ಲ್ಯಾಂಗ್ಲಿ ವಾಯುನೆಲೆಯಲ್ಲಿ ಅವರು ಮೇಲಧಿಕಾರಿಯ ಕೈಗೆ ಒಂದು ಪತ್ರ ಕೊಟ್ಟರು. ತಾನು ಸಲಿಂಗಿ, ಅದರಿಂದ ಕೆಲಸಕ್ಕೆ ಏನೂ ಅಡ್ಡಿಯಿಲ್ಲ ಎಂದು ಅದರಲ್ಲಿ ತಿಳಿಸಿದ್ದರು. ‘ಏನಿದರ ಅರ್ಥ?’ ಎಂದು ಅಧಿಕಾರಿ ಕೇಳಿದರು. ‘ಬ್ರೌನ್ ವಿರುದ್ಧ ಬೋರ್ಡ್ ಆಫ್ ಎಜುಕೇಷನ್ ಅಂತ ಅರ್ಥ’ ಎಂದರು ಮ್ಯಾಟ್ಲೊವಿಚ್. ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆಬೇರೆ ಸರ್ಕಾರಿ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಹೆಸರು ಅದು.

ಆ ಪತ್ರದ ಹಿಂದೆ ಫ್ರಾಂಕ್ ಕ್ಯಾಮೆನಿ ಇದ್ದರು. ಖಗೋಳ ವಿಜ್ಞಾನಿ, ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು. ಸಲಿಂಗಿ ಎಂಬ ಕಾರಣಕ್ಕೆ 1957ರಲ್ಲಿ ಸೇನೆಯ ನಕ್ಷೆ ವಿಭಾಗದ ಕೆಲಸ ಕಳೆದುಕೊಂಡಿದ್ದರು. ನಿಷೇಧವನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಸೇವಾ ದಾಖಲೆಯಲ್ಲಿ ಒಂದು ಕಪ್ಪುಚುಕ್ಕೆಯೂ ಇಲ್ಲದ ಸೈನಿಕರಿಗಾಗಿ ಅವರು ಹುಡುಕುತ್ತಿದ್ದರು. ಅಂದರೆ ಆ ಪತ್ರ ಲೆಕ್ಕಹಾಕಿ ಇಟ್ಟ ಹೆಜ್ಜೆ. ಮ್ಯಾಟ್ಲೊವಿಚ್ ಅವರನ್ನು ಯಾರೂ ಹಿಡಿದು ಕೇಳಿರಲಿಲ್ಲ, ಅವರ ಮೇಲೆ ಆರೋಪವೂ ಇರಲಿಲ್ಲ. ಹಾಗಿರುವಾಗ ‘ಒಪ್ಪಿಕೊಂಡರು’ ಎಂದು ಹೇಗೆ ಬರೆಯುವುದು?

ನನ್ನ ಆಕ್ಷೇಪಕ್ಕೆ ಇನ್ನೂ ದೊಡ್ಡ ಕಾರಣ ಇದೆ. ‘ಒಪ್ಪಿಕೊಂಡ’ ಎನ್ನುವುದು ಸೇನೆಯ ಪದ. ಅಮೆರಿಕದಲ್ಲಿ ಸೇನೆ ಬಿಟ್ಟವರಿಗೆ ಡಿಡಿ 214 ಎಂಬ ಕಾಗದ ಕೊಡುತ್ತಾರೆ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಅದನ್ನು ತೋರಿಸಬೇಕಾಗುತ್ತದೆ. ಸೇವೆ ಮುಗಿದದ್ದು ಯಾಕೆ ಅಂತ ಬರೆಯಲು ಅದರಲ್ಲಿ ಒಂದು ಕಾಲಂ ಇದೆ. ಎಷ್ಟೋ ಜನರ ಕಾಗದದಲ್ಲಿ ಆ ಕಾಲಮ್ಮಿನಲ್ಲಿ ‘ಸಲಿಂಗಿ ಎಂಬ ಒಪ್ಪಿಗೆ’ ಎಂಬ ಅರ್ಥದ ಮಾತೇ ಇರುತ್ತಿತ್ತು. ಸೇನೆಯಿಂದ ಸಿಕ್ಕ ಬಿಡುಗಡೆ ಗೌರವದ್ದೇ ಆಗಿದ್ದರೂ ಆ ಕಾಲಂ ನೋಡಿದವರಿಗೆ ಎಲ್ಲ ಗೊತ್ತಾಗುತ್ತಿತ್ತು. ಆ ಕಾಗದವನ್ನೇ ಉಲ್ಲೇಖಿಸುವಾಗ ‘ಒಪ್ಪಿಗೆ’ ಎಂದು ಬರೆಯೋಣ, ಅದು ಇರಬೇಕಾದ್ದೇ. ಆದರೆ ಬರೆಯುವ ನಾವೂ ಸೇನೆಯ ಗುಮಾಸ್ತರ ಪದವನ್ನೇ ನಮ್ಮ ಮಾತಾಗಿ ಬಳಸಬೇಕಾ?

ಬದಲಿ ಪದಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ‘ಘೋಷಿಸಿದರು’ ಎಂದರೆ ವೇದಿಕೆ, ಮೈಕು ಕಣ್ಣಮುಂದೆ ಬರುತ್ತದೆ. ಎಲ್ಲರಿಗೂ ಅದು ಹೊಂದುವುದಿಲ್ಲ. ಮಾರ್ಗರೆಥೆ ಕ್ಯಾಮರ್‌ಮೇಯರ್ ವಾಷಿಂಗ್ಟನ್ ರಾಜ್ಯದ ನ್ಯಾಷನಲ್ ಗಾರ್ಡ್‌ನಲ್ಲಿ ಕರ್ನಲ್, ವಿಯೆಟ್ನಾಂನಲ್ಲಿ ಗಾಯಾಳುಗಳ ಆರೈಕೆ ಮಾಡಿದ ನರ್ಸ್. 1989ರಲ್ಲಿ ಭದ್ರತಾ ತಪಾಸಣೆಯ ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗೆ ನಾನು ಲೆಸ್ಬಿಯನ್ ಎಂದು ಉತ್ತರ ಕೊಟ್ಟರು. ನಾಲ್ಕು ಗೋಡೆಯ ನಡುವೆ ಕೊಟ್ಟ ಉತ್ತರ ಅದು. 1992ರಲ್ಲಿ ಅವರನ್ನು ಸೇವೆಯಿಂದ ತೆಗೆದರು. 1994ರಲ್ಲಿ ಕೋರ್ಟ್ ಆದೇಶದ ಮೇಲೆ ಮತ್ತೆ ಸೇರಿಸಿಕೊಂಡರು. ಇಲ್ಲಿ ‘ಘೋಷಣೆ’ ಎಲ್ಲಿದೆ?

‘ಬಹಿರಂಗಪಡಿಸಿದರು’ ಎಂದರೆ ಹಗರಣದ ವಾಸನೆ. ‘ಹೇಳಿಕೊಂಡರು’ ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಅದಕ್ಕೆ ಎರಡು ಮುಖ. ಕಷ್ಟ ಹೇಳಿಕೊಂಡರು ಎಂದರೆ ನಂಬಿದವರ ಹತ್ತಿರ ಮನಸ್ಸು ಬಿಚ್ಚಿದರು ಅಂತ. ‘ತಾನು ದೊಡ್ಡ ಅಧಿಕಾರಿ ಅಂತ ಹೇಳಿಕೊಂಡು ತಿರುಗುತ್ತಾನೆ’ ಎಂದರೆ ನಂಬಬೇಡಿ ಅಂತ. ‘ಸಲಿಂಗಿ ಎಂದು ಹೇಳಿಕೊಂಡರು’ ಎಂಬುದು ಎರಡನೆಯದರ ಕಡೆಗೇ ಜಾರುತ್ತದೆ.

ನನಗೆ ಉಳಿದದ್ದು ಸರಳವಾದ ‘ಹೇಳಿದರು’, ಇನ್ನೂ ಸರಳವಾದ ‘ಎಂದರು’. ತೀರಾ ಸಪ್ಪೆಯಾಯಿತು ಅಂತ ನಿಮಗೆ ಅನ್ನಿಸಬಹುದು. ಆದರೆ ಈ ಇಡೀ ಹೋರಾಟ ನಿಂತಿದ್ದೇ ‘ಹೇಳು’ ಎಂಬ ಕ್ರಿಯೆಯ ಮೇಲೆ. 1993ರ ಕಾನೂನು ನೋಡಿದರೆ ಇದು ಅರ್ಥವಾಗುತ್ತದೆ.

ಬಿಲ್ ಕ್ಲಿಂಟನ್ ಅಧ್ಯಕ್ಷ ಚುನಾವಣೆಯಲ್ಲಿ ನಿಷೇಧ ತೆಗೆಯುತ್ತೇನೆ ಎಂದಿದ್ದರು. ಸೇನೆಯ ಹಿರಿಯರು, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರು ವಿರೋಧಿಸಿದರು. ಕೊನೆಗೆ ಬಂದದ್ದು ಒಂದು ರಾಜಿ. ಸೈನಿಕರನ್ನು ‘ನೀನು ಸಲಿಂಗಿಯಾ?’ ಎಂದು ಕೇಳುವಂತಿಲ್ಲ, ಅವರೂ ಹೇಳುವಂತಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಅದು ಕಾನೂನಾಯಿತು. ಸೇವೆಯಿಂದ ತೆಗೆಯಲು ಮೂರು ಕಾರಣ ಕೊಟ್ಟಿತು: ಸಲಿಂಗ ಸಂಬಂಧ, ಸಲಿಂಗ ಮದುವೆ ಅಥವಾ ಅದರ ಪ್ರಯತ್ನ, ಮತ್ತು ತಾನು ಸಲಿಂಗಿ ಎಂದು ಹೇಳುವುದು. ಅಷ್ಟೇ ಅಲ್ಲ, ‘ಆ ಅರ್ಥ ಬರುವ ಮಾತು’ ಆಡಿದರೂ ಸಾಕಿತ್ತು. ಬಾಯಿಂದ ಮಾತು ಬಂತು ಎಂದರೆ ನಡತೆಯೂ ಹಾಗೇ ಇದೆ ಎಂದು ಕಾನೂನು ಊಹಿಸಿಕೊಳ್ಳುತ್ತಿತ್ತು. ಹಾಗಲ್ಲ ಎಂದು ಸಾಬೀತು ಮಾಡುವ ಹೊಣೆ ಸೈನಿಕರದ್ದು. ನಾವು ನಡೆ-ನುಡಿ ಎಂದು ಎರಡನ್ನು ಬೇರೆಬೇರೆ ಇಟ್ಟು ಜೋಡಿ ಮಾಡಿದ್ದೇವೆ. ಆ ಕಾನೂನಿನಲ್ಲಿ ನುಡಿಯೇ ನಡೆ ಆಗಿತ್ತು. ಹಾಗೆ 13,000ಕ್ಕೂ ಹೆಚ್ಚು ಜನ ಸೇವೆಯಿಂದ ಹೊರಬಿದ್ದರು. ಅರೇಬಿಕ್ ಭಾಷೆ ಬಲ್ಲವರು ಸಿಗುವುದೇ ಕಷ್ಟವಾಗಿದ್ದ ಇರಾಕ್ ಯುದ್ಧದ ಕಾಲದಲ್ಲೂ ಅಂಥವರನ್ನು ಮನೆಗೆ ಕಳಿಸಿದರು.

ಈ ಕಾನೂನಿನ ಜನಪ್ರಿಯ ಹೆಸರಾದ ‘ಡೋಂಟ್ ಆಸ್ಕ್, ಡೋಂಟ್ ಟೆಲ್’ ಎಂಬುದನ್ನು ‘ಕೇಳಬೇಡ, ಹೇಳಬೇಡ’ ಎಂದು ಕನ್ನಡಿಸಿದ್ದನ್ನು ನೋಡಿದ್ದೇನೆ. ನನಗೆ ಎರಡು ತೊಡಕು ಕಾಣುತ್ತಿದೆ. ಒಂದು, ನಮ್ಮ ‘ಕೇಳು’ವಿಗೆ ಪ್ರಶ್ನಿಸು ಅಂತಲೂ ಅರ್ಥ, ಕಿವಿಗೊಡು ಅಂತಲೂ ಅರ್ಥ. ಪಕ್ಕದಲ್ಲಿ ‘ಹೇಳು’ ಬಂದರೆ ಕನ್ನಡ ಕಿವಿಗೆ ಎರಡನೆಯದೇ ಮೊದಲು ಹೊಳೆಯುತ್ತದೆ. ಸಾಲದ್ದಕ್ಕೆ ‘ಹೇಳದೆ ಕೇಳದೆ ಹೋದ’, ‘ಹೇಳೋರು ಕೇಳೋರು ಯಾರೂ ಇಲ್ಲ’ ಎಂಬ ಬಳಕೆಗಳು ಬೇರೆ ನೆನಪಿಗೆ ಬರುತ್ತವೆ. ಎರಡು, ‘ಬೇಡ’ ಎಂಬುದರಲ್ಲಿ ಎದುರಿಗಿರುವ ಒಬ್ಬರಿಗೆ ಬುದ್ಧಿ ಹೇಳಿದ ಧಾಟಿ ಇದೆ. ಇಲ್ಲಿ ಕೇಳಬಾರದವರು ಅಧಿಕಾರಿಗಳು, ಹೇಳಬಾರದವರು ಸೈನಿಕರು. ಮಾತು ಒಬ್ಬರಿಗೇ ಹೇಳಿದ್ದಲ್ಲ. ಶಿಕ್ಷೆಯೂ ಸಮ ಇರಲಿಲ್ಲ. ಹೇಳಿದವರ ಕೆಲಸ ಹೋಗುತ್ತಿತ್ತು.

ಹಾಗಾಗಿ ನನ್ನ ಕರಡಿನಲ್ಲಿ ‘ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ’ ಎಂದು ಬರೆದಿದ್ದೇನೆ. ‘ಇಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ’ ಎಂಬಲ್ಲಿ ಇರುವಂತೆ ಇದರಲ್ಲಿ ನಿಯಮದ ಧ್ವನಿ ಇದೆ, ಯಾರನ್ನೂ ನೇರವಾಗಿ ಕರೆದು ಹೇಳಿದಂತಿಲ್ಲ. ‘ಕೂಡದು’ ಎಂದರೆ ತುಂಬಾ ಬಿಗಿ. ‘ಬಾರದು’ ಎಂದರೆ ನೀತಿಪಾಠ. ‘ಕೇಳು’ವಿನ ಗೊಂದಲ ಇನ್ನೂ ಉಳಿದಿದೆ. ‘ವಿಚಾರಿಸುವ ಹಾಗಿಲ್ಲ’ ಎಂದರೆ ಅರ್ಥ ಸ್ಪಷ್ಟ, ಆದರೆ ಲಯ ಕೆಡುತ್ತದೆ. ಇದಕ್ಕೆ ಯಾರಾದರೂ ದಾರಿ ತೋರಿಸಿ.

ಡ್ಯಾನ್ ಚೋಯ್ ಅವರ ಮಾತಿನಲ್ಲಿ ಇನ್ನೊಂದು ಕಷ್ಟ ಎದುರಾಯಿತು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದಿದವರು, ಅರೇಬಿಕ್ ಬಲ್ಲವರು, ಇರಾಕ್‌ನಲ್ಲಿ ಸೇವೆ ಮಾಡಿದ ಲೆಫ್ಟಿನೆಂಟ್. 2009ರ ಮಾರ್ಚ್‌ನಲ್ಲಿ ಟಿವಿ ಕಾರ್ಯಕ್ರಮದಲ್ಲಿ ತಾನು ಗೇ ಎಂದರು. ಈ ಮೂರು ಪದ ಆಡಿದ್ದೇ ಕಾನೂನಿನ ಉಲ್ಲಂಘನೆ ಎಂದೂ ಅಲ್ಲೇ ಸೇರಿಸಿದರು. ಇಂಗ್ಲಿಷಿನಲ್ಲಿ ಅದು ಮೂರೇ ಪದ. ಕನ್ನಡದಲ್ಲಿ ‘ನಾನು ಗೇ’ ಎಂದರೆ ಎರಡೇ, ನಮಗೆ ನಡುವೆ ಕ್ರಿಯಾಪದ ಬೇಕಿಲ್ಲ. ‘ಮೂರು ಪದ’ ಎಂದು ಉಳಿಸಿದರೆ ಓದುವವರು ಎಣಿಸಿ ಗೊಂದಲಕ್ಕೆ ಬೀಳುತ್ತಾರೆ. ‘ಎರಡು ಪದ’ ಎಂದರೆ ಅವರು ಆಡಿದ ಮಾತನ್ನು ನಾನು ತಿದ್ದಿದಂತೆ. ‘ನಾನು ಗೇ ಎಂಬ ಈ ಪುಟ್ಟ ಮಾತು ಆಡಿದ್ದಕ್ಕೇ’ ಎಂದು ಹಾಕಿದ್ದೇನೆ. ಚಾಟಿಯೇಟಿನ ಚುರುಕು ಸ್ವಲ್ಪ ಕಡಿಮೆಯಾಗಿದೆ, ಒಪ್ಪುತ್ತೇನೆ. ಆದರೆ ಅದು ಸುಳ್ಳಲ್ಲ.

ಇದೇ ಚೋಯ್ 2010ರ ಮಾರ್ಚ್‌ನಲ್ಲಿ ಸಮವಸ್ತ್ರ ತೊಟ್ಟು ಶ್ವೇತಭವನದ ಬೇಲಿಗೆ ತಮ್ಮನ್ನು ಕೈಕೋಳದಿಂದ ಬಂಧಿಸಿಕೊಂಡು ನಿಂತರು. ಪೊಲೀಸರು ಬಂಧಿಸಿದರು. ಆ ವರ್ಷ ಅವರು ಮತ್ತೆ ಮತ್ತೆ ಅದನ್ನೇ ಮಾಡಿದರು. ಇದಕ್ಕೆ ‘ಧರಣಿ’ ಎಂಬ ನಮ್ಮ ಪದ ಚೆನ್ನಾಗಿ ಹೊಂದುತ್ತದೆ ಎಂದುಕೊಂಡಿದ್ದೇನೆ. ಆ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ 65–31 ಮತಗಳಿಂದ ಹಳೆಯ ಕಾನೂನನ್ನು ತೆಗೆಯಲು ಒಪ್ಪಿತು. ಒಬಾಮ ಸಹಿ ಹಾಕಿದರು. 2011ರ ಸೆಪ್ಟೆಂಬರ್ 20ರಿಂದ ಯಾರು ಬೇಕಾದರೂ ಹೇಳಬಹುದಾಯಿತು.

‘ಬಹಿರಂಗ ಸಲಿಂಗಕಾಮಿ’ ಎಂಬ ಪ್ರಯೋಗವನ್ನಂತೂ ದಯವಿಟ್ಟು ಕೈಬಿಡೋಣ. ಬೀದಿಯಲ್ಲಿ ಏನೋ ಮಾಡಿದಂತೆ ಕೇಳಿಸುತ್ತದೆ. ‘ಸಲಿಂಗಿ ಎಂದು ಮುಚ್ಚಿಡದೆ ಇರುವವರು’ ಎಂದರೆ ಉದ್ದವಾಗುತ್ತದೆ, ಆದರೂ ಮರ್ಯಾದೆಯ ಮಾತು.

ಕೊನೆಯದಾಗಿ ‘ಡಿಸ್ಚಾರ್ಜ್’, ಅಂದರೆ ಸೇನೆಯಿಂದ ಹೊರಗೆ ಕಳಿಸುವುದು. ಮ್ಯಾಟ್ಲೊವಿಚ್ 1988ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ವಾಷಿಂಗ್ಟನ್ನಿನ ಕಾಂಗ್ರೆಷನಲ್ ಸ್ಮಶಾನದಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲಿನ ಬರಹದಲ್ಲಿ ಅವರ ಹೆಸರೇ ಇಲ್ಲ, ವಿಯೆಟ್ನಾಂನಲ್ಲಿ ಹೋರಾಡಿದ ಒಬ್ಬ ಸಲಿಂಗಿ ಸೈನಿಕ ಎಂದಷ್ಟೇ ಇದೆ. ಬರಹದ ನನ್ನ ಅನುವಾದ ಹೀಗಿದೆ: ‘ನಾನು ಸೇನೆಯಲ್ಲಿದ್ದಾಗ ಇಬ್ಬರು ಗಂಡಸರನ್ನು ಕೊಂದದ್ದಕ್ಕೆ ಪದಕ ಕೊಟ್ಟರು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಡಿಸ್ಚಾರ್ಜ್ ಕೊಟ್ಟರು.’ ‘ಒಬ್ಬನನ್ನು’ ಎಂದರೆ ಸಾಕು, ಗಂಡಸು ಎಂದು ಮತ್ತೆ ಹೇಳಬೇಕಿಲ್ಲ. ಇಲ್ಲಿ ಕನ್ನಡ ನಮಗೆ ಸಹಾಯ ಮಾಡಿದೆ. ಆದರೆ ‘ಡಿಸ್ಚಾರ್ಜ್’ ಬದಲು ಏನಿಡುವುದು? ‘ಬಿಡುಗಡೆ ಕೊಟ್ಟರು’ ಎಂದರೆ ಏನೋ ಉಪಕಾರ ಮಾಡಿದಂತೆ. ‘ವಜಾ ಮಾಡಿದರು’ ಎಂದರೆ ಅರ್ಥ ಸರಿ, ಆದರೆ ‘ಕೊಟ್ಟರು’, ‘ಕೊಟ್ಟರು’ ಎಂಬ ಎರಡು ಏಟು ಹೋಗಿಬಿಡುತ್ತದೆ. ‘ಗೇಟ್‌ಪಾಸ್ ಕೊಟ್ಟರು’ ಎಂಬುದು ಕ್ರೀಡಾ ಪುಟದ ಭಾಷೆ. ಸಮಾಧಿಯ ಕಲ್ಲಿಗೆ ಅದು ಬೇಡ.

ನಮ್ಮ ದೇಶದ ವಿಷಯವೂ ಲೇಖನದಲ್ಲಿ ಒಂದು ಪ್ಯಾರಾ ಬರುತ್ತದೆ. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲ ಎಂಬ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮರುವರ್ಷ ಜನವರಿಯಲ್ಲಿ ಆಗಿನ ಭೂಸೇನಾ ಮುಖ್ಯಸ್ಥ ಬಿಪಿನ್ ರಾವತ್ ಸೇನೆಯಲ್ಲಿ ಇದಕ್ಕೆ ಅವಕಾಶವಿಲ್ಲ ಎಂದರು. 1950ರ ಸೇನಾ ಕಾಯ್ದೆಯ 46ನೇ ಸೆಕ್ಷನ್ನಿನಲ್ಲಿ ‘ಅಸಹಜ’ ನಡವಳಿಕೆ ಎಂಬ ಅರ್ಥದ ಮಾತಿದೆ. ಅದನ್ನು ಹಾಗೇ ಉದ್ಧರಣ ಚಿಹ್ನೆಯೊಳಗೆ ಇಡುತ್ತೇನೆ, ನನ್ನ ವಾಕ್ಯದಲ್ಲಿ ಆ ಪದ ಬರುವುದಿಲ್ಲ.

ನಿಮ್ಮಲ್ಲಿ ಕೊಡಗಿನವರು, ಬೆಳಗಾವಿ ಕಡೆಯವರು ಇದ್ದೀರಿ. ಮನೆಯಲ್ಲಿ ಮಿಲ್ಟ್ರಿಯಲ್ಲಿದ್ದ ಹಿರಿಯರು ಇರಬಹುದು. ಪೆನ್ಷನ್ ಪಡೆದು ಬಂದವರ ಬಗ್ಗೆ ಅಲ್ಲ, ನಡುವೆಯೇ ಸೇನೆ ತೆಗೆದುಹಾಕಿದವರ ಬಗ್ಗೆ ಅವರು ಯಾವ ಮಾತು ಬಳಸುತ್ತಿದ್ದರು? ‘ಕೊಟ್ಟರು’ ಜೊತೆ ಹೊಂದುವ ಪದ ಸಿಕ್ಕರೆ ತುಂಬಾ ಅನುಕೂಲ. ‘ಒಪ್ಪಿಕೊಂಡ’ ಪದವೇ ಸರಿ ಎನ್ನುವವರು ಇದ್ದರೆ, ‘ಎಂದು’ ಜೊತೆಗೆ ಬಂದೂ ತಪ್ಪಿನ ಅರ್ಥ ಇಲ್ಲದ ಒಂದೆರಡು ಹಳೆಯ ಪ್ರಯೋಗ ಕೊಡಿ. ಲೇಖನ ಇನ್ನೂ ಅಚ್ಚಿಗೆ ಹೋಗಿಲ್ಲ, ಬದಲಿಸಲು ಸಮಯ ಇದೆ.